ಸೀರೆ ಕಾಗದದ ಎರಡು ಬದಿ

ತಂಗಿಯ ಮಗನ ಲಗ್ನಪತ್ರಿಕೆ ಅಚ್ಚು ಹಾಕಿಸಲು ಕಳೆದ ವಾರ ಬಾಗಲಕೋಟೆಯ ನವನಗರಕ್ಕೆ ಹೋಗಿದ್ದೆ. ಅಂಗಡಿಯವನು ಮಾದರಿಗಳನ್ನು ಹರವುತ್ತಿದ್ದಾಗ ಒಳಕೋಣೆಯಲ್ಲಿ ಯಾರೋ ಕರಿ ಮಸಿಯ ಡಬ್ಬಿಯ ಮುಚ್ಚಳ ತೆಗೆದರು. ಅಗಸೆ ಎಣ್ಣೆ, ಚಿಮಣಿ ಎಣ್ಣೆ, ಅವೆರಡರ ಹಿಂದೆ ಆರಿದ ದೀಪದಂಥ ಒಂದು ವಾಸನೆ. ಅಗಸೆ ನಮ್ಮ ಮನೆಗಳಿಗೆ ಹೊಸದಲ್ಲ. ರೊಟ್ಟಿಗೆ ಹಚ್ಚಿಕೊಳ್ಳುವ ಹಿಂಡಿ ಕುಟ್ಟುವಾಗ ಅದರ ವಾಸನೆ ಬಂದರೆ ಹಸಿವಾಗುತ್ತದೆ. ಅದೇ ಅಗಸೆ ಮಸಿಯೊಳಗೆ ಕಲೆತು ಬಂದರೆ ಮಾತ್ರ ಇವತ್ತಿಗೂ ಕೈಲಿದ್ದ ಕೆಲಸ ಮರೆಯುತ್ತದೆ. ಪತ್ರಿಕೆಯ ಒಕ್ಕಣೆ ಓದುತ್ತಿದ್ದವಳು ಎರಡು ಸಲ ಓದಿದರೂ ವರನ ಹೆಸರು ತಲೆಗೆ ಹತ್ತಲಿಲ್ಲ.

ಎಂಬತ್ತರ ದಶಕದ ಮೊದಮೊದಲ ಮಾತು. ಹಳೆ ಬಾಗಲಕೋಟೆಯಲ್ಲಿ ಒಂದು ವಾಡೆಯ ಮಹಡಿಯ ಮೇಲೆ ಚಿತ್ರಕಲಾ ಶಾಲೆ ನಡೆಯುತ್ತಿತ್ತು. ಈಗ ಆ ಓಣಿಯೇ ಹಿನ್ನೀರಿನ ಪಾಲು. ನಾನು ಅಲ್ಲಿ ಡಿಪ್ಲೊಮಾದ ಕೊನೆಯ ವರ್ಷಕ್ಕೆ ಬಂದಿದ್ದೆ. ನಮ್ಮ ಮನೆ ಇಲಕಲ್ಲಿನಲ್ಲಿ. ಅಪ್ಪ ಇರಲಿಲ್ಲ. ಅಣ್ಣ ಸಂಗಣ್ಣ ಒಂದು ಸೀರೆ ಅಂಗಡಿಯಲ್ಲಿ ಗಿರಾಕಿಗಳಿಗೆ ಸೀರೆ ಬಿಚ್ಚಿ ತೋರಿಸಿ ಮತ್ತೆ ಮಡಚಿಡುವ ಕೆಲಸದಲ್ಲಿದ್ದ. ಅವ್ವ ಮನೆಯಲ್ಲಿ ನೂಲು ಸುತ್ತುತ್ತಿದ್ದಳು. ಬಾಗಲಕೋಟೆಯಲ್ಲಿ ನಾನು ಉಳಿಯುತ್ತಿದ್ದದ್ದು ಅವ್ವನ ತಂಗಿ ಚಿಗವ್ವನ ಮನೆಯಲ್ಲಿ.

ಜೂನ್ ತಿಂಗಳಲ್ಲಿ ಬಸ್ಸು ಹತ್ತಿಸಲು ಬಂದ ಅಣ್ಣ ನಿಲ್ದಾಣದಲ್ಲೇ ತನ್ನ ಮಾತು ಹೇಳಿದ.

"ಶಾಂತಾ, ನೋಡು. ಮದ್ಲ ದರ್ಜೆ ಬಂತಂದ್ರ ಧಾರವಾಡಕ್ಕ ಮುಂದಿನ ಸಾಲಿಗೂ ಕಳಸ್ತೇನಿ. ಯಾರರ ಏನರ ಅನ್ಲಿ. ಬರ್ಲಿಲ್ಲಂದ್ರ ಮನಿಗೆ ಬಾ. ಆಮ್ಯಾಲ ಅಳೂದು ಕರಿಯೂದು ಬ್ಯಾಡ."

ಧಾರವಾಡದ ಶಾಲೆಯಲ್ಲಿ ಅಚ್ಚುಚಿತ್ರಕ್ಕೇ ಬೇರೆ ಎರಡು ವರ್ಷದ ಓದಿತ್ತು. ಅಲ್ಲಿ ದೊಡ್ಡ ಚಕ್ರದ ಯಂತ್ರವಿದೆ, ತಾಮ್ರದ ತಗಡಿನ ಮೇಲೆ ಕೊರೆಯಲು ಕಲಿಸುತ್ತಾರೆ ಎಂದು ಕೇಳಿದ್ದೆ. ಮೊದಲ ದರ್ಜೆ ಇಲ್ಲದವರ ಅರ್ಜಿಯನ್ನು ಅವರು ತೆಗೆದುಕೊಳ್ಳುತ್ತಿರಲಿಲ್ಲ. ಅಣ್ಣನ ಮಾತಿಗೆ ನಾನು ಹೂಂ ಎಂದೆ. ಅವನು ಚೀಲದಿಂದ ಒಂದು ಸುರುಳಿ ತೆಗೆದು ಕೊಟ್ಟ. ಸೀರೆಯ ಮಡಿಕೆಗಳ ನಡುವೆ ಇಡುವ ತೆಳ್ಳನೆಯ ಬಿಳಿ ಕಾಗದ, ಅಂಗಡಿಯಲ್ಲಿ ಉಳಿದದ್ದು. "ಗೀಚಾಕ ಆಗತೈತಿ, ತಗೋ" ಎಂದ.

ಆ ಕಾಗದವನ್ನು ನಾನು ಕರಡು ಅಚ್ಚು ತೆಗೆಯಲು ಬಳಸುತ್ತಿದ್ದೆ. ನಮ್ಮ ಶಾಲೆಯಲ್ಲಿ ಯಂತ್ರವಿರಲಿಲ್ಲ. ಮರದ ಹಲಗೆಯ ಮೇಲೆ ಚಿತ್ರ ಬರೆದು, ಬಿಳಿ ಬೇಕಾದಲ್ಲಿ ಉಳಿಯಿಂದ ಕೊರೆದು ತೆಗೆದು, ಉಳಿದ ಎತ್ತರಕ್ಕೆ ರೋಲರಿನಿಂದ ಮಸಿ ಹಚ್ಚಿ, ಮೇಲೆ ಕಾಗದ ಹಾಸಿ, ಚಮಚದ ಬೆನ್ನಿನಿಂದ ತಿಕ್ಕುವುದು. ಹೇಳಲು ಇಷ್ಟೇ. ಆದರೆ ಕಟ್ಟಿಗೆಗೆ ಒಂದು ಎಳೆ ಇರುತ್ತದೆ. ಎಳೆಯ ಜೊತೆ ಹೋದರೆ ಉಳಿ ಬೆಣ್ಣೆಯಲ್ಲಿ ಹೋದಂತೆ ಹೋಗುತ್ತದೆ, ಎದುರು ಹೋದರೆ ಚಕ್ಕೆ ಎದ್ದು ಬೇಕಾದ ಗೆರೆಯನ್ನೂ ಕಿತ್ತುಕೊಂಡು ಬರುತ್ತದೆ. ಮೊದಲ ಎರಡು ತಿಂಗಳು ನಾನು ಕಿತ್ತುಹೋದ ಗೆರೆಗಳನ್ನೇ ಮಾಡಿದೆ. ಎಡಗೈಯ ಹೆಬ್ಬೆರಳಿಗೆ ಯಾವಾಗಲೂ ಒಂದು ಚಿಂದಿ ಕಟ್ಟಿರುತ್ತಿತ್ತು. ರೊಟ್ಟಿ ಬಡಿಯಲು ಕುಳಿತರೆ ಚಿಗವ್ವ, "ಬ್ಯಾಡ, ಏಳು. ನಿನ್ನ ರೊಟ್ಟಿಗೆ ಮಸಿ ವಾಸನಿ, ರಕ್ತದ ಕಲಿ. ಯಾರ ತಿಂತಾರ ಅದನ್ನ" ಎಂದು ಎಬ್ಬಿಸುತ್ತಿದ್ದಳು.

ನಮಗೆ ಕಲಿಸುತ್ತಿದ್ದವರು ಪತ್ತಾರ ಸರ್. ಬಾದಾಮಿಯವರು, ಅಕ್ಕಸಾಲಿಗರ ಮನೆತನ. ಕಡಿಮೆ ಮಾತು. ರೋಲರ್ ಉರುಳಿಸುವಾಗ ಕಣ್ಣು ಮುಚ್ಚಿ ಕೇಳು ಎನ್ನುತ್ತಿದ್ದರು. ಮಸಿ ಹೆಚ್ಚಾದರೆ ಚಪ್ಪಚಪ್ಪ ಎನ್ನುತ್ತದೆ. ಸರಿಯಾಗಿದ್ದರೆ ಹೊಸ ರೇಷ್ಮೆ ಸೀರೆ ಸರಿದಂಥ ಸಣ್ಣ ಸಪ್ಪಳ. ಆ ಸಪ್ಪಳ ನನಗೆ ದೀಪಾವಳಿಯ ಹೊತ್ತಿಗೆ ಸಿಕ್ಕಿತು. ಸಿಕ್ಕ ದಿನ ಮನೆಗೆ ಹೋದ ಮೇಲೂ ಊಟ ಮರೆತು ಅದನ್ನೇ ಕಿವಿಯಲ್ಲಿ ಕೇಳುತ್ತ ಕುಳಿತಿದ್ದೆ.

ಚಳಿಗಾಲದಲ್ಲಿ ಸರ್ ನಮ್ಮನ್ನು ಬಾದಾಮಿಗೆ ಕರೆದುಕೊಂಡು ಹೋದರು. ಕೆರೆಯ ಏರಿಯ ಮೇಲೆ ಕುಳಿತು ಎರಡೂ ಗುಡ್ಡ, ದಕ್ಷಿಣದ ಗುಡ್ಡದ ಗವಿಗಳು, ನಡುವೆ ನೀರು, ಆಚೆ ದಂಡೆಯ ಗುಡಿ, ಬಟ್ಟೆ ಒಗೆಯುವ ಹೆಂಗಸರು ಎಲ್ಲವನ್ನೂ ಬರೆದುಕೊಂಡೆ. ಬಾಗಲಕೋಟೆಗೆ ಬಂದು ಅದನ್ನು ಹಾಗೆಯೇ ಹಲಗೆಗೆ ಇಳಿಸಿ, ಕೊರೆದು, ಅಚ್ಚು ತೆಗೆದೆ. ಗೆರೆ ಚೊಕ್ಕಾಗಿತ್ತು. ಸರ್ ಬಹಳ ಹೊತ್ತು ನೋಡಿದರು.

"ನಮ್ಮ ಗವಿಗೋಳನ್ನ ಉತ್ತರದ ಗುಡ್ಡಕ್ಕ ಒಯ್ದ ಇಟ್ಟೀಯಲ್ಲವಾ" ಎಂದರು. "ನಮ್ಮೂರ ಮಂದಿ ಕೆರೀಗೆ ಬಂದ್ರ ಮನಿ ದಾರಿ ತಪ್ಪತಾರ."

ಅಚ್ಚಿನಲ್ಲಿ ಎಡ ಬಲವಾಗುತ್ತದೆ, ಬಲ ಎಡವಾಗುತ್ತದೆ. ನನಗೆ ಗೊತ್ತಿದ್ದ ಮಾತೇ. ಚಿತ್ರವನ್ನು ತಿರುವಿ ಹಲಗೆಗೆ ಇಳಿಸಬೇಕಿತ್ತು, ಅವಸರದಲ್ಲಿ ಮರೆತಿದ್ದೆ. ಬಾದಾಮಿಯ ಆ ಚಿತ್ರಕ್ಕೆ ಸರ್ ಸೊನ್ನೆ ಕೊಟ್ಟರು. ನನ್ನ ಪಕ್ಕದಲ್ಲಿ ಕೂರುತ್ತಿದ್ದ ಹುನಗುಂದದ ಮೆಹಬೂಬ ಒಂದು ತಿಂಗಳ ಕಾಲ, ನಾನು ಮೆಟ್ಟಿಲು ಹತ್ತಿದಾಗಲೆಲ್ಲ, "ಎಡಕ್ಕ ಬಾರವಾ, ಅಲ್ಲ ಅಲ್ಲ, ಬಲಕ್ಕ" ಎನ್ನುತ್ತಿದ್ದ. ಸರ್ ಒಂದೇ ಮಾತು ಹೇಳಿ ಮುಗಿಸಿದರು: "ಹಲಗಿ ಮ್ಯಾಲ ತಪ್ಪ ಕಾಣಬೇಕು. ಅಂದ್ರ ಕಾಗದದ ಮ್ಯಾಲ ಖರೆ ಆಗತೈತಿ." ಅಂದಿನಿಂದ ನಾನು ಏನೇ ಬರೆಯಲಿ, ಒಂದು ಸೇವಂತಿಗೆ ಹೂವನ್ನೇ ಬರೆಯಲಿ, ತೆಳುಗಾಗದಕ್ಕೆ ಇಳಿಸಿ, ಬೋರಲು ಹಾಕಿ, ತಿಕ್ಕಿ, ತಿರುಗಿಸಿಯೇ ಹಲಗೆಗೆ ಹಾಕುತ್ತಿದ್ದೆ. ಕೈ ತಾನಾಗಿಯೇ ತಿರುವಿಹಾಕುವಷ್ಟು ರೂಢಿಯಾಯಿತು.

ಪರೀಕ್ಷೆಗೆ ವಿಷಯ ನಾವೇ ಆರಿಸಿಕೊಳ್ಳಬೇಕಿತ್ತು: ಮನೆಯ ಒಬ್ಬರು, ತಮ್ಮ ನಿತ್ಯದ ಕೆಲಸದಲ್ಲಿ. ನನಗೆ ಬೇರೆ ಯಾರೂ ಹೊಳೆಯಲೇ ಇಲ್ಲ. ನಮ್ಮ ಆಯಿ, ಅಪ್ಪನ ಅವ್ವ, ಬೆಳಿಗ್ಗೆ ಮಿಂದು ಲಿಂಗಪೂಜೆಗೆ ಕುಳಿತರೆ ಪಡಸಾಲೆಯ ಗಾಳಿಯೂ ನಿಂತಂತಾಗುತ್ತಿತ್ತು. ಎಡ ಅಂಗೈಯನ್ನು ಕಣ್ಣಿನ ಮಟ್ಟಕ್ಕೆ ಎತ್ತಿ, ಅದರೊಳಗೆ ಲಿಂಗ ಇಟ್ಟುಕೊಂಡು, ಬಲಗೈಯಿಂದ ಹೂವು ಏರಿಸಿ ದಿಟ್ಟಿಸುತ್ತಿದ್ದಳು. ಮುಖದ ಒಂದೊಂದು ನೆರಿಗೆಯೂ ಆ ಅಂಗೈಯ ಕಡೆಗೇ ಹರಿದಂತೆ ಕಾಣುತ್ತಿತ್ತು. ಉಳಿ ಹಿಡಿದವಳಿಗೆ ಅದಕ್ಕಿಂತ ಬೇರೆ ಏನು ಬೇಕು.

ಸಂಕ್ರಾಂತಿಗೆ ಊರಿಗೆ ಹೋದಾಗ ಕೇಳಿದೆ. ಆಯಿ ಒಮ್ಮೆಲೇ ಒಪ್ಪಲಿಲ್ಲ.

"ಪೂಜಿ ಅಂದ್ರ ಫೋಟೋ ಅಲ್ಲ. ಕೈ ಹಂಗ ಇಟಗೋ, ಹಿಂಗ ಇಟಗೋ ಅಂದ್ರ ನಾ ಇಟಗೊಳ್ಳೂದಿಲ್ಲ."

"ಏನೂ ಅನ್ನೂದಿಲ್ಲ ಆಯಿ. ಸುಮ್ಮನ ಕುಂತ ತಗೀತೇನಿ."

"ಎದುರಿಗೆ ಕುಂಡ್ರಬ್ಯಾಡ ಮತ್ತ. ನನಗೂ ಲಿಂಗಕ್ಕೂ ನಡುವ ಯಾರೂ ಬರಬಾರ್ದು. ಹಿಂದ ಕುಂತ ಏನರ ಮಾಡಿಕೋ."

"ಹಿಂದ ಕುಂತ್ರ ನಿನ್ನ ಬೆನ್ನ ಕಾಣತೈತಿ."

"ಬೆನ್ನರ ಚಂದ ಐತಿ. ಮಾರಿ ಏನೈತಿ, ಬರೇ ಸುಕ್ಕ."

ಆಯಿ ಕೂರುತ್ತಿದ್ದದ್ದು ತನ್ನ ಮದುವೆಯ ಕಾಲದ ಕಪಾಟಿನ ಎದುರು. ಅದರ ಬಾಗಿಲಿಗೆ ಉದ್ದನೆಯ ಕನ್ನಡಿ ಇತ್ತು. ಆಯಿ ಅದನ್ನು ನೋಡುತ್ತಿರಲಿಲ್ಲ, ಅವಳ ಕಣ್ಣು ಅಂಗೈ ಬಿಟ್ಟು ಏಳುತ್ತಿರಲಿಲ್ಲ. ಆದರೆ ಅವಳ ಹಿಂದೆ, ತುಸು ಪಕ್ಕಕ್ಕೆ ಕುಳಿತರೆ ಕನ್ನಡಿಯಲ್ಲಿ ಅವಳ ಮುಖ, ಎರಡೂ ಕೈ, ಹೂವು ಎಲ್ಲವೂ ನನಗೆ ಕಾಣುತ್ತಿದ್ದವು. ನಾನು ಇದ್ದಷ್ಟು ದಿನ ಬೆಳಗಾದರೆ ಅಲ್ಲಿ ಕುಳಿತು ಕನ್ನಡಿಯೊಳಗಿನ ಆಯಿಯನ್ನು ಬರೆದುಕೊಂಡೆ. ನನ್ನ ಸಂತೋಷಕ್ಕೆ ಮಿತಿ ಇರಲಿಲ್ಲ. ಎದುರಿಗೆ ಕೂರದೆಯೇ ಎದುರಿನಿಂದ ಕಂಡಂಥ ಚಿತ್ರ ಸಿಕ್ಕಿತ್ತು.

ಪರೀಕ್ಷೆ ಏಪ್ರಿಲ್‌ನಲ್ಲಿ. ಬಾಗಲಕೋಟೆಯ ಏಪ್ರಿಲ್ ಅಂದರೆ ಹನ್ನೊಂದರ ಮೇಲೆ ನಾಯಿಯೂ ಓಣಿಯಲ್ಲಿ ಕಾಣುವುದಿಲ್ಲ. ಮಸಿ ಡಬ್ಬಿಯಲ್ಲೇ ಸಾರಿನಂತೆ ತೆಳ್ಳಗಾಗುತ್ತಿತ್ತು. ಒದ್ದೆ ಉಸುಕು ತುಂಬಿದ ಗಡಿಗೆಯಲ್ಲಿ ಡಬ್ಬಿ ಹೂತಿಡುತ್ತಿದ್ದೆವು. ಬೆಳಿಗ್ಗೆ ಆರಕ್ಕೆ ಮಹಡಿ ಹತ್ತಿದರೆ ಮಧ್ಯಾಹ್ನದ ಒಳಗೆ ಕೆಲಸ ನಿಲ್ಲಿಸಬೇಕು. ಮೊದಲ ದಿನ ಪ್ರತಿಯೊಬ್ಬರಿಗೂ ಒಂದು ಹಲಗೆ ಕೊಟ್ಟರು, ಬೆನ್ನಿಗೆ ಪರೀಕ್ಷೆಯ ಠಸ್ಸೆ ಒತ್ತಿದ್ದು. ಆ ಹಲಗೆಯಲ್ಲೇ ಕೊರೆಯಬೇಕು, ಅದರಿಂದಲೇ ಐದು ಪ್ರತಿ ತೆಗೆದು ಕೊಡಬೇಕು. ಕಾಗದ ನಮ್ಮದು. ಪತ್ತಾರ ಸರ್ ಕೋಣೆಯೊಳಗೆ ಬರುವಂತಿರಲಿಲ್ಲ. ಮೂಲೆಯಲ್ಲಿ ಕುರ್ಚಿ ಹಾಕಿಕೊಂಡು ಶಾಲೆಯ ಗುಮಾಸ್ತರು ಕಾವಲಿದ್ದರು.

ನಾನು ರೂಢಿಯಂತೆ ಚಿತ್ರವನ್ನು ತಿರುವಿ ಹಲಗೆಗೆ ಇಳಿಸಿದೆ. ಆ ವಾರವಿಡೀ ಕೊರೆದೆ. ಹಣೆಯ ಮೂರು ಬೆರಳ ವಿಭೂತಿ, ಕಣ್ಣಿನ ಸುತ್ತಲ ಕೂದಲೆಳೆಯ ನೆರಿಗೆ, ಸೆರಗಿನ ದಡಿ, ಎತ್ತಿದ ಎಡ ಅಂಗೈ. ಎಳೆ ಎಲ್ಲಿ ತಿರುಗುತ್ತದೆಯೋ ಅಲ್ಲಿ ಉಳಿಯೂ ತಿರುಗಿತು. ಒಂದು ಚಕ್ಕೆಯೂ ತಪ್ಪಿ ಏಳಲಿಲ್ಲ. ನನ್ನ ಕೈ ಅಷ್ಟು ಹಗುರಾಗಿ ಹಿಂದೆಂದೂ ನಡೆದಿರಲಿಲ್ಲ. ಹಲಗೆಯ ಮೇಲೆ ಆಯಿ ನಿಜವಾದ ಆಯಿಯಂತೆಯೇ ಕುಳಿತಿದ್ದಳು, ಎಡಗೈಯಲ್ಲಿ ಲಿಂಗ, ಬಲಗೈಯಲ್ಲಿ ಹೂವು. ನೋಡಿ ನನಗೆ ಸಮಾಧಾನವಾಗುತ್ತಿತ್ತು. ಆ ಸಮಾಧಾನವೇ ಎಚ್ಚರಿಕೆಯ ಗಂಟೆಯಾಗಬೇಕಿತ್ತು, ಆಗಲಿಲ್ಲ.

ಅಚ್ಚು ತೆಗೆಯಲು ಎರಡು ಬೆಳಗು ಉಳಿದಿದ್ದವು. ಮೊದಲ ಬೆಳಗು, ಬಿಸಿಲು ಕಿಟಕಿಗೆ ಬರುವ ಮೊದಲೇ, ಮಸಿ ಉರುಳಿಸಿ, ಅಣ್ಣನ ಸೀರೆ ಕಾಗದ ಹಾಸಿ, ಕರಡು ತೆಗೆದೆ. ಕಾಗದವನ್ನು ಒಂದು ತುದಿಯಿಂದ ಎತ್ತುವಾಗ ಮೆಹಬೂಬ ತನ್ನ ಹಲಗೆ ಬಿಟ್ಟು ಬಗ್ಗಿ ನೋಡಿದ.

"ಭಾರೀ ಬಂದೈತಿ ಶಾಂತಾ. ಸುಕ್ಕ ಎಣಿಸಬಹುದು." ತುಸು ತಡೆದು, "ನಿಮ್ಮ ಆಯಿ ಎಡಚಿ ಏನ?" ಎಂದ.

"ಯಾಕ?"

"ಎಡಗೈಲೆ ಹೂವ ಏರಸಾಕತ್ತಾಳಲ್ಲ. ನಮ್ಮ ಮನಿ ಎದುರಿಗೆ ಮಠ ಐತಿ. ಯಾರೂ ಹಿಂಗ ಏರಸಿದ್ದ ನೋಡಿಲ್ಲ ನಾ."

ಕಾಗದ ನನ್ನ ಕೈಯಲ್ಲೇ ಇತ್ತು. ಲಿಂಗ ಆಯಿಯ ಬಲ ಅಂಗೈಯಲ್ಲಿತ್ತು. ಹೂವು ಎಡಗೈಯಲ್ಲಿ.

ಕನ್ನಡಿ ಒಮ್ಮೆ ತಿರುವಿತ್ತು. ಅಚ್ಚು ಇನ್ನೊಮ್ಮೆ ತಿರುವಿ ತಾನೇ ಸರಿ ಮಾಡುತ್ತಿತ್ತು. ನಡುವೆ ನಾನು ಕೈಹಾಕಿ ಮೂರನೆಯ ಸಲ ತಿರುವಿದ್ದೆ. ಕನ್ನಡಿಯಲ್ಲಿ ಕಂಡದ್ದನ್ನು ಹಾಗೆಯೇ ಹಲಗೆಗೆ ಇಳಿಸಿದ್ದರೆ ಸಾಕಿತ್ತು.

ಬೇರೆ ಊರಿನವರಿಗೆ ಇದು ಸಣ್ಣದು ಅನ್ನಿಸಬಹುದು. ನಮ್ಮ ಕಡೆ ಎಡ ಅಂಗೈ ಅಂದರೆ ಲಿಂಗದ ಪೀಠ. ಆ ಕೈ ಬೇರೆ, ಹೂವಿನ ಕೈ ಬೇರೆ. ಹುಟ್ಟಿದಾರಭ್ಯ ದಿನವೂ ಕಂಡದ್ದನ್ನು ನಾನು ಅದಲುಬದಲು ಮಾಡಿ, ಅದೂ ಆಯಿಯ ಮುಖ ಇಟ್ಟು, ಐದು ಪ್ರತಿ ತೆಗೆದು ಗೋಡೆಗೆ ಹಚ್ಚಬೇಕಿತ್ತು. ಪರೀಕ್ಷೆಯ ಕೆಲಸವನ್ನು ಮೂರು ದಿನ ಊರಿನವರಿಗೆಲ್ಲ ತೋರಿಸುವ ಪದ್ಧತಿ ಇತ್ತು. ಅಣ್ಣ ಬರುತ್ತೇನೆ ಎಂದಿದ್ದ.

ಗುಮಾಸ್ತರ ಹತ್ತಿರ ಹೋದೆ. "ಇನ್ನೊಂದ ಹಲಗಿ ಸಿಗತೈತೇನ್ರಿ?"

"ಒಬ್ಬರಿಗೆ ಒಂದ. ಠಸ್ಸೆ ಬಿದ್ದದ್ದ ಖರೆ. ಬ್ಯಾರೆ ನಡಿಯೂದಿಲ್ಲ" ಎಂದು ಅವರು ಬೀಸಣಿಕೆ ಬೀಸಿಕೊಂಡರು. ಸಿಕ್ಕಿದ್ದರೂ ಒಂದು ಬೆಳಗಿನಲ್ಲಿ ವಾರದ ಕೆಲಸ ಆಗುವಂತಿರಲಿಲ್ಲ.

ಮೆಹಬೂಬ ತನ್ನ ಕೆಲಸ ಬದಿಗಿಟ್ಟು ಯೋಚನೆ ಮಾಡಿದ. "ಲಿಂಗಾನ ಕೊರದ ತಗದಬಿಡು. ಬರೇ ಅಂಗೈ ಇರ್ಲಿ."

"ಬರೇ ಅಂಗೈ ಚಾಚಿಕೊಂಡ ಕುಂತ್ರ ಏನ ಕಾಣತೈತಿ?"

ಅವನು ನೋಡಿದ. "ಭಿಕ್ಷಾ ಬೇಡಿದಂಗ ಕಾಣತೈತಿ" ಎಂದವನು ತುಟಿ ಕಚ್ಚಿಕೊಂಡ. "ತಪ್ಪಾತವಾ. ನಿಮ್ಮ ಆಯೀಗೆ ಹಂಗನಬಾರದಿತ್ತು."

ಕರಡನ್ನು ಬೆಂಚಿನ ಮೇಲೆ ಬೋರಲು ಒಗೆದು ಕಿಟಕಿಯ ಹತ್ತಿರ ನಿಂತೆ. ಬಿಸಿಲು ಒಳಗೆ ಬಂದಿತ್ತು. ಅಣ್ಣ ನನ್ನ ಮದುವೆಯ ಮಾತಿಗೆ ಯಾರ ಮನೆಗೆ ಹೋಗುತ್ತಾನೆ, ಚಿಗವ್ವ ಏನು ಅನ್ನುತ್ತಾಳೆ, ಧಾರವಾಡದ ಚಕ್ರದ ಯಂತ್ರದ ಹಿಡಿಕೆ ಮರದ್ದೋ ಕಬ್ಬಿಣದ್ದೋ, ಎಲ್ಲ ಒಂದರ ಮೇಲೊಂದು ತಲೆಗೆ ಬಂದವು. ನೀರು ಕುಡಿಯಲು ಹಿಂತಿರುಗಿದಾಗ ಬೆಂಚಿನ ಮೇಲೆ ಆಯಿ ಕುಳಿತಿದ್ದಳು.

ಕಾಗದ ಬೋರಲಾಗಿಯೇ ಬಿದ್ದಿತ್ತು. ಸೆಕೆಗೆ ತೆಳ್ಳಗಾಗಿದ್ದ ಮಸಿ ಆ ತೆಳುಗಾಗದವನ್ನು ಹಾಯ್ದು ಹಿಂಬದಿಗೆ ಬಂದಿತ್ತು. ಕಪ್ಪು ಅಲ್ಲ, ಒಲೆಯ ಬೂದಿಗೆ ನೀರು ಬಿದ್ದಂಥ ಬಣ್ಣ. ಗೆರೆಗಳು ಮೆತ್ತಗಾಗಿದ್ದವು. ಆದರೆ ಈ ಬದಿಯಿಂದ ಲಿಂಗ ಎಡ ಅಂಗೈಯಲ್ಲಿತ್ತು, ಹೂವು ಬಲಗೈಯಲ್ಲಿ.

ಮೆಹಬೂಬ, "ಏನಾತು?" ಎಂದ. ನಾನು ಕಾಗದ ಎತ್ತಿ ಹಿಂಬದಿ ತೋರಿಸಿದೆ. ಅವನು ಮುಂಬದಿ ನೋಡಿ, ಹಿಂಬದಿ ನೋಡಿ, "ಎಡಕ್ಕ ಬಂದ್ಯಲ್ಲ" ಎಂದ. ಆ ವಾರದಲ್ಲಿ ನಾನು ನಕ್ಕದ್ದು ಅದೊಂದೇ ಸಲ.

ಸುಲಭವಾಗಲಿಲ್ಲ. ಮಸಿಗೆ ಅಗಸೆ ಎಣ್ಣೆ ಒಂದು ಹನಿ ಹೆಚ್ಚಾದರೆ ಕಣ್ಣಿನ ನೆರಿಗೆಗಳು ತುಂಬಿ ಆಯಿ ಕುರುಡಿಯಾಗುತ್ತಿದ್ದಳು. ಕಡಿಮೆಯಾದರೆ ಹಿಂಬದಿಗೆ ಏನೂ ದಾಟುತ್ತಿರಲಿಲ್ಲ. ಕಾಗದವನ್ನು ತುಸು ಒದ್ದೆ ಮಾಡಬೇಕು, ಒದ್ದೆ ಮಾಡಿದರೆ ಚಮಚಕ್ಕೆ ಹರಿಯುತ್ತದೆ. ಹರಿದ ಕಾಗದಗಳು ಬೆಂಚಿನ ಕೆಳಗೆ ಗುಪ್ಪೆಯಾದವು. ಅಣ್ಣ ಕೊಟ್ಟ ಸುರುಳಿ ಕರಗುತ್ತಿತ್ತು. ಕೊನೆಗೆ ಚಮಚ ಬಿಟ್ಟು ಅಂಗೈಯ ಬುಡದಿಂದ ಒತ್ತಿದೆ, ರೊಟ್ಟಿ ತಟ್ಟುವಾಗ ನಡುವಿನಿಂದ ಅಂಚಿಗೆ ಹೋಗುವ ಹಾಗೆ. ಅಂಗೈಗೆ ಗೆರೆ ತಿಳಿಯುತ್ತಿತ್ತು. ಎಲ್ಲಿ ಮಸಿ ಹಾಯುತ್ತಿದೆ, ಎಲ್ಲಿ ಇನ್ನೂ ಇಲ್ಲ ಎನ್ನುವುದು ಚರ್ಮಕ್ಕೇ ತಿಳಿಯುತ್ತಿತ್ತು. ವರ್ಷವಿಡೀ ಕಲಿತದ್ದು ಉಳಿಯಲ್ಲಿದೆ ಎಂದುಕೊಂಡಿದ್ದೆ. ಅಂಗೈಗೂ ಒಂದಿಷ್ಟು ಇಳಿದಿತ್ತು.

ಮರುದಿನ ಬೆಳಿಗ್ಗೆ ಐದು ಪ್ರತಿ ಆದವು. ಹಿಂಬದಿ ಮೇಲೆ ಬರುವಂತೆ, ಮೇಲಂಚಿಗೆ ಮಾತ್ರ ಅಂಟು ಹಚ್ಚಿ ದಪ್ಪ ಹಾಳೆಗಳಿಗೆ ತೂಗಿಬಿಟ್ಟೆ. ಅಚ್ಚುಚಿತ್ರದ ಕೆಳಗೆ ಪೆನ್ಸಿಲಿನಿಂದ ಪ್ರತಿಯ ಸಂಖ್ಯೆ ಬರೆದು ಸಹಿ ಮಾಡಿದ ಮೇಲೆಯೇ ಅದು ಮುಗಿದಂತೆ. ನಾನು ಸಹಿ ಮಾಡಲಿಲ್ಲ. ಪೆನ್ಸಿಲ್ ಕೈಗೆ ತೆಗೆದುಕೊಂಡೆ, ಇಟ್ಟೆ.

ಪರೀಕ್ಷಕರು ಬೆಂಗಳೂರಿನ ಕಡೆಯವರು, ಬಿಳಿ ಷರಟು, ಬಹಳ ಸಾವಧಾನದ ಮನುಷ್ಯ. ಬೆವರು ಒರೆಸಿಕೊಳ್ಳುತ್ತ ಒಬ್ಬೊಬ್ಬರ ಮುಂದೆಯೂ ನಿಂತು ನೋಡುತ್ತಿದ್ದರು. ನನ್ನ ಹತ್ತಿರ ಬಂದು ಹಲಗೆಯನ್ನು ಮೊದಲು ನೋಡಿದರು. ಬೆರಳಿನಿಂದ ನೆರಿಗೆಗಳನ್ನು ಮುಟ್ಟಿದರು. ಆಮೇಲೆ ಪ್ರತಿ ನೋಡಿ ಹುಬ್ಬು ಗಂಟಿಕ್ಕಿ, ಕಾಗದದ ಕೆಳತುದಿ ಹಿಡಿದು ಮೇಲೆತ್ತಿದರು. ಅಡಿಯಲ್ಲಿ ಕಡುಕಪ್ಪು ಮುಂಬದಿ.

"ಇದು ಹಿಂಬದಿ ಅಲ್ಲವೇನಮ್ಮ?"

"ಹೌದ್ರಿ."

"ಇಷ್ಟು ಒಳ್ಳೆಯ ಅಚ್ಚನ್ನು ಒಳಗೆ ಮುಚ್ಚಿ, ಇದನ್ನು ಯಾಕೆ ಮೇಲಿಟ್ಟಿದ್ದೀರಿ?"

ಹೇಳಿದೆ. ಕನ್ನಡಿಯಿಂದ ಹಿಡಿದು ಎಲ್ಲ ಹೇಳಿದೆ. ಬಾಗಿಲಾಚೆ ಪತ್ತಾರ ಸರ್ ನಿಂತಿದ್ದರು. ನಮ್ಮ ಕೆಲಸ ಮುಗಿದಿದ್ದರಿಂದ ಈಗ ಅವರೂ ನಿಂತು ಕೇಳಿಸಿಕೊಳ್ಳಬಹುದಿತ್ತು.

"ನೋಡಿಮ್ಮ, ನಾನು ಅಂಕ ಕೊಡುವುದು ಕೊರೆತಕ್ಕೆ, ಮಸಿಗೆ" ಎಂದರು ಪರೀಕ್ಷಕರು. "ಈ ಹಿಂಬದಿಯಲ್ಲಿ ನಿಮ್ಮ ಕೊರೆತ ನನಗೆ ಅರ್ಧವೂ ಕಾಣುವುದಿಲ್ಲ. ಕಾಣದ್ದಕ್ಕೆ ಅಂಕ ಹೇಗೆ ಕೊಡಲಿ? ಮುಂಬದಿ ಮೇಲಿಟ್ಟು ಅಂಟಿಸಿ ಕೊಡಿ. ಮೊದಲ ದರ್ಜೆಗೆ ಏನೂ ಅಡ್ಡಿಯಿಲ್ಲ. ನಾಲ್ಕು ಗಂಟೆಯವರೆಗೆ ಇಲ್ಲೇ ಇರುತ್ತೇನೆ. ಸಹಿ ಇನ್ನೂ ಮಾಡಿಲ್ಲವಲ್ಲ, ಒಳ್ಳೆಯದಾಯಿತು."

ಅವರ ಮಾತಿನಲ್ಲಿ ಅನ್ಯಾಯ ಇರಲಿಲ್ಲ. ಅದೇ ಕಷ್ಟ.

ಸರ್ ಒಳಗೆ ಬಂದು ಎರಡೂ ಬದಿ ನೋಡಿದರು. "ಹಲಗಿ ಚಲೋ ಕೊರದೀ" ಎಂದರು. ನಾನು ಅವರ ಮುಖ ನೋಡಿದೆ. "ನನ್ನ ಕೇಳಬ್ಯಾಡವಾ" ಎಂದು ಹೊರಗೆ ಹೋದರು.

ಮೆಹಬೂಬ ಅಂಟಿನ ಬಟ್ಟಲು ತಂದು ನನ್ನ ಮುಂದಿಟ್ಟ. "ತಿರುವಿ ಹಚ್ಚವಾ. ಮೂರ ದಿನದ ಮಾತು. ಗ್ವಾಡಿಗೆ ಹಚ್ಚಿದಾಗ ನಿಮ್ಮ ಅಣ್ಣನ ನಾ ಚಾ ಕುಡಿಯಾಕ ಕರಕೊಂಡ ಹೋಗ್ತೇನಿ. ಧಾರವಾಡಕ್ಕ ಹೋಗಿ ಬೇಕಾದಷ್ಟ ಸರಿ ಮಾಡಿ ಕೊರಿ."

"ಬ್ಯಾರೆಯವರು ನೋಡತಾರಲ್ಲ."

"ನೋಡಿ ಏನಂತಾರ? ಹುಡುಗಿ ತಪ್ಪಿದ್ಲು ಅಂತಾರ. ಅನ್ಲಿ. ಮಂದಿ ಬಾಯಿ ಅಣ್ಣನ ಬಾಯಿಕಿಂತ ದೊಡ್ಡದೇನ?"

ಅವನು ಹೇಳಿದ್ದರಲ್ಲಿ ತಪ್ಪಿರಲಿಲ್ಲ. ಒಂದು ಪ್ರತಿಯ ಮೇಲಂಚನ್ನು ಒದ್ದೆ ಬಟ್ಟೆಯಿಂದ ಬಿಡಿಸಿ ತಿರುವಿ ಇಟ್ಟೆ. ಕಡುಕಪ್ಪು, ಚೊಕ್ಕ ಬಿಳಿ. ನಾನು ಅಲ್ಲಿಯವರೆಗೆ ಮಾಡಿದ್ದರಲ್ಲೆಲ್ಲ ಒಳ್ಳೆಯ ಅಚ್ಚು. ಕಣ್ಣಿನ ಮೂಲೆಯಿಂದ ಹೊರಟ ಒಂದೊಂದು ಗೆರೆಯೂ ನಾನು ಯಾವ ದಿನ, ಯಾವ ಉಳಿಯಿಂದ, ಉಸಿರು ಹಿಡಿದು ಎಳೆದದ್ದು ಎಂದು ಹೇಳಬಲ್ಲೆ. ಅದನ್ನು ಒಳಗೆ ಮುಚ್ಚಲು ಮನಸ್ಸು ಬರಲಿಲ್ಲ. ಅಂಟು ಹಚ್ಚಲೂ ಕೈ ಏಳಲಿಲ್ಲ. ಅದಕ್ಕೆ ಧರ್ಮದ ಭಯ ಕಾರಣ ಅಂತ ಯಾರಾದರೂ ಅಂದರೆ ಪೂರ್ತಿ ಒಪ್ಪಲಾರೆ. ನಾನು ಆ ಹೆಂಗಸನ್ನು ದಿಟ್ಟಿಸಿದೆ. ಮುಖ ಆಯಿಯದು, ಸೆರಗು ಆಯಿಯದು. ಆದರೆ ಎಡಗೈಯಿಂದ ಹೂವು ಹಿಡಿದ ಆ ಹೆಂಗಸನ್ನು ನಾನು ಎಲ್ಲೂ, ಯಾವ ಬೆಳಗಿನಲ್ಲೂ ಕಂಡಿರಲಿಲ್ಲ. ಯಾರದೋ ಮೈಯ ಮೇಲೆ ಆಯಿಯ ಮುಖ ಹೊಲಿದಂತಿತ್ತು. ಬದಿಯಲ್ಲಿ ಉಳಿದ ನಾಲ್ಕು ಪ್ರತಿಗಳಲ್ಲಿ, ಬೂದಿಬಣ್ಣದಲ್ಲಿ, ಧೂಪದ ಹೊಗೆಯ ಆಚೆ ಕುಳಿತಂತೆ, ಇಲಕಲ್ಲಿನ ಪಡಸಾಲೆಯ ಆಯಿ ಇದ್ದಳು. ನೆರಿಗೆ ಅರ್ಧ ಕಾಣುತ್ತಿರಲಿಲ್ಲ. ಆದರೂ ಅವಳೇ.

ಕೆಳಗೆ ಓಣಿಯಲ್ಲಿ ಐಸ್‌ಕಾಂಡಿಯವನ ಗಂಟೆ ಕೇಳಿಸಿತು. ಮೆಹಬೂಬನ ಬಟ್ಟಲಿನಲ್ಲಿ ಅಂಟು ಕೆನೆಗಟ್ಟುತ್ತಿತ್ತು. ಪರೀಕ್ಷಕರು ಮೂಲೆಯಲ್ಲಿ ಕೈಗಡಿಯಾರ ಬಿಚ್ಚಿ ಮಣಿಕಟ್ಟು ಒರೆಸಿಕೊಂಡು ಮತ್ತೆ ಕಟ್ಟಿಕೊಂಡರು. ನಾನು ಬಿಡಿಸಿದ ಪ್ರತಿಯನ್ನು ಮೊದಲಿನಂತೆಯೇ ತಿರುವಿ ಅಂಟಿಸಿದೆ. ಪೆನ್ಸಿಲ್ ತೆಗೆದುಕೊಂಡು ಬೂದಿಬಣ್ಣದ ಬದಿಯ ಕೆಳಗೆ ಐದಕ್ಕೂ ಸಂಖ್ಯೆ ಬರೆದು ಸಹಿ ಮಾಡಿದೆ. ಮೂರನೆಯದರ ಸಹಿ ಸೊಟ್ಟಗಾಯಿತು.

ಪರೀಕ್ಷಕರು ಬಂದು ನೋಡಿದರು. "ಆಯಿತಮ್ಮ" ಎಂದಷ್ಟೇ ಹೇಳಿ ಮುಂದಕ್ಕೆ ಹೋದರು.

ಪ್ರದರ್ಶನದ ಹೊತ್ತಿಗೆ ಅಂಗಡಿಯಲ್ಲಿ ಮದುವೆ ಗಿರಾಕಿಗಳ ಗದ್ದಲ, ಅಣ್ಣನಿಗೆ ಬರಲಾಗಲಿಲ್ಲ. ಅವನು ಬಂದದ್ದು ಫಲಿತಾಂಶದ ದಿನ. ವಾಡೆಯ ಕೆಳಗಿನ ಗೋಡೆಗೆ ಹಚ್ಚಿದ ಹಾಳೆಯಲ್ಲಿ ನನ್ನ ಹೆಸರು ಎರಡನೇ ದರ್ಜೆಯ ಸಾಲಿನಲ್ಲಿತ್ತು. ಮೆಹಬೂಬನ ಹೆಸರು ಮೇಲೆ, ಮೊದಲ ದರ್ಜೆಯಲ್ಲಿತ್ತು. ಅವನು ಅಣ್ಣನಿಗೆ ನಮಸ್ಕಾರ ಹೇಳಿ ನನ್ನ ಮುಖ ನೋಡದೆ ಹೊರಟುಹೋದ. ಅಣ್ಣ ಹಾಳೆಯನ್ನು ಮೇಲಿನಿಂದ ಕೆಳಗಿನತನಕ ಮತ್ತೊಮ್ಮೆ ಓದಿ, "ನಡಿ" ಎಂದ.

ಬಸ್ ನಿಲ್ದಾಣದ ಕಟ್ಟೆಯ ಮೇಲೆ ಕುಳಿತಾಗ ಕೇಳಿದ. "ಏನ ಮಾಡಿದ್ದಿ ಅಂಥಾದ್ದು? ತೋರಸು."

ಪ್ರದರ್ಶನದ ಮೇಲೆ ಮರಳಿ ಸಿಕ್ಕ ಪ್ರತಿಗಳನ್ನು ಎರಡು ರಟ್ಟುಗಳ ನಡುವೆ ದಾರ ಕಟ್ಟಿ ಇಟ್ಟಿದ್ದೆ, ಬಿಚ್ಚಿದೆ. ಅವನು ಕಾಗದವನ್ನು ಬೆರಳಿನಿಂದ ಮುಟ್ಟಿ, ತನ್ನ ಅಂಗಡಿಯದೇ ಎಂದು ಗುರುತು ಹಿಡಿದ. ಎತ್ತಿ ಮುಂಬದಿ ನೋಡಿದ. ಹಿಂಬದಿ ನೋಡಿದ. ಸೀರೆಯ ಒಳಬದಿ ಹೊರಬದಿ ನೋಡಿ ನೋಡಿ ಪಳಗಿದ ಕಣ್ಣು ಅವನದು.

"ಈ ಕರೇ ಬದಿ ಚೊಕ್ಕ ಐತಿ."

"ಹೂಂ."

"ಇದನ್ನ ಕೊಟ್ಟಿದ್ರ?"

"ಮದ್ಲ ದರ್ಜೆ ಕೊಡ್ತೇನಿ ಅಂದಿದ್ರು."

ಬೈಯುತ್ತಾನೆ ಎಂದು ಕಾದೆ. ಅವನು ಮತ್ತೊಮ್ಮೆ ಕಪ್ಪು ಬದಿಯನ್ನು ತಿರುವಿ ನೋಡಿದ, ತನ್ನ ಎಡ ಅಂಗೈಯನ್ನು ಗೊತ್ತಿಲ್ಲದೆಯೇ ತುಸು ಎತ್ತಿದ, ಇಳಿಸಿದ. ಬೂದಿಬಣ್ಣದ ಬದಿ ಮೇಲೆ ಬರುವಂತೆ ಕಾಗದ ಇಳಿಬಿಟ್ಟು, "ಆಯಿ ಹಿಂಗ ಹಿಡೀತಾಳ" ಎಂದ. ಆಮೇಲೆ, "ಧಾರವಾಡದವರು ಎರಡನೇ ದರ್ಜೆಗೆ ತಗೊಳ್ಳೂದಿಲ್ಲೇನು?" ಎಂದು ಕೇಳಿದ.

"ಇಲ್ಲ."

ಅವನು ಪ್ರತಿಗಳನ್ನು ರಟ್ಟುಗಳ ನಡುವೆ ಇಟ್ಟು ತಾನೇ ದಾರ ಕಟ್ಟಿದ.

ಇಲಕಲ್ ಬಸ್ಸು ಬಂದಾಗಲೇ ತುಂಬಿತ್ತು. ಕೂಡಲಸಂಗಮಕ್ಕೆ ಹೊರಟ ಮಂದಿ, ಹುನಗುಂದದ ಸಂತೆಯ ಮಂದಿ, ಕೋಳಿ, ಮೂಟೆ. ನನಗೆ ಒಬ್ಬ ಮುದುಕಿಯ ಪಕ್ಕದಲ್ಲಿ ಅರ್ಧ ಸೀಟು ಸಿಕ್ಕಿತು. ರಟ್ಟನ್ನು ತೊಡೆಯ ಮೇಲೆ ಇಟ್ಟುಕೊಳ್ಳಲು ಕೈ ಚಾಚಿದೆ. ಅಣ್ಣ ಕೊಡಲಿಲ್ಲ. "ಮುದುಡತೈತಿ" ಎಂದ. ಅಮೀನಗಡ ದಾಟಿತು, ಹುನಗುಂದ ದಾಟಿತು, ಮಂದಿ ಹತ್ತಿದರು, ಇಳಿದರು. ಅವನು ನಿಂತೇ ಇದ್ದ. ಎರಡೂ ಕೈಯಿಂದ ರಟ್ಟನ್ನು ತಲೆಯ ಮೇಲೆ ಎತ್ತಿ ಹಿಡಿದಿದ್ದ. ಬಸ್ಸು ಹೊಯ್ದಾಡಿದಾಗ ಆಧಾರಕ್ಕೆ ಕಂಬಿ ಹಿಡಿಯಲು ಅವನಿಗೆ ಕೈ ಇರಲಿಲ್ಲ. ಕಾಲು ಅಗಲಿಸಿ ಊರಿ, ಯಾರಾದರೂ ತಾಗಿದರೆ, "ಸರೀರಿ, ಸಾಮಾನ ಐತಿ" ಎನ್ನುತ್ತ, ಇಲಕಲ್ಲಿನ ತನಕ ಹಾಗೆಯೇ ನಿಂತು ಬಂದ.